ಕಾಲಿನಿಂದಲೂ ಆಡಬಹುದು ಕಂಪ್ಯೂಟರ್ ಆಟ

ಇಂದು ಕಂಪ್ಯೂಟರ್ ಇಲ್ಲದ ಜಾಗವೇ ಇಲ್ಲ ಅನ್ನುವಂತಾಗಿದೆ. ಶಾಲೆ, ಪಂಚಾಯಿತಿ ಕಚೇರಿ, ಬ್ಯಾಂಕು, ಆಸ್ಪತ್ರೆ, ಎಲ್ಲಿ ಹೋದರೂ ಅದೇ. ಮಕ್ಕಳಿಗಂತೂ ಕಂಪ್ಯೂಟರ್ ಅಂದ್ರೆ ಮೊದಲು ಆಟ, ಆಮೇಲೆ ಪಾಠ. ಆದರೆ ಈ ಯಂತ್ರವನ್ನು ರೂಪಿಸಿದವರು ಒಂದು ವಿಷಯವನ್ನು ಮೊದಲೇ ತೀರ್ಮಾನಿಸಿಬಿಟ್ಟಂತಿದೆ. ಬಳಸುವವರಿಗೆ ಎರಡು ಕೈ, ಹತ್ತು ಬೆರಳು ಇದ್ದೇ ಇರುತ್ತವೆ, ಅವು ಹೇಳಿದ ಮಾತು ಕೇಳುತ್ತವೆ ಅಂತ ಅವರು ಅಂದುಕೊಂಡಿದ್ದಾರೆ. ಕೀಲಿಮಣೆಯ ಗುಂಡಿಗಳು ಬೆರಳಿನ ತುದಿಯಷ್ಟೇ ಅಗಲ. ಮೌಸ್ ಹಿಡಿಯಲು ಅಂಗೈ ಬೇಕು, ಮಣಿಕಟ್ಟು ತಿರುಗಬೇಕು.

ಹುಟ್ಟಿನಿಂದಲೇ ಕೈ ಬೆಳೆಯದ ಮಗು ಏನು ಮಾಡಬೇಕು? ಸೆರೆಬ್ರಲ್ ಪಾಲ್ಸಿಯಿಂದಾಗಿ ಬೆರಳುಗಳು ಬಿಗಿದುಕೊಂಡಿರುವ ಮಗು ಏನು ಮಾಡಬೇಕು? ಅಪಘಾತದಲ್ಲಿ ಕೈ ಕಳೆದುಕೊಂಡ ಯುವಕನ ಗತಿ ಏನು? ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಉಳಿದ ಮಕ್ಕಳು ಆಡುತ್ತಿರುವಾಗ ಇಂಥ ಮಗುವನ್ನು ಪಕ್ಕದಲ್ಲಿ ಕೂರಿಸಿ "ನೀನು ನೋಡ್ತಾ ಇರು ಮಗಾ" ಅನ್ನುತ್ತೇವೆ. ಅದು ಪ್ರೀತಿಯಿಂದ ಹೇಳಿದ ಮಾತೇ ಇರಬಹುದು. ಆದರೂ ವರ್ಷಗಟ್ಟಲೆ ಬರೀ ನೋಡುತ್ತಾ ಕೂತ ಮಗು "ನನ್ನಿಂದ ಆಗೋದಿಲ್ಲ" ಎಂಬ ಒಂದೇ ಪಾಠವನ್ನು ಚೆನ್ನಾಗಿ ಕಲಿಯುತ್ತದೆ.

ಕೈ ಆಗದಿದ್ದರೆ ಕಾಲು ಇದೆಯಲ್ಲಾ? ನೆಲದ ಮೇಲೆ ಹಾಸಿದ ಪ್ಯಾಡನ್ನು ತುಳಿದು ಕಂಪ್ಯೂಟರ್ ಆಟ ಆಡುವ ವಿಧಾನವನ್ನು ಈ ಸಂಚಿಕೆಯಲ್ಲಿ ತಿಳಿದುಕೊಳ್ಳೋಣ. ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತೆ ಇದನ್ನು ಬದಲಾಯಿಸಿಕೊಳ್ಳಬಹುದು. ಸರಳವಾದದ್ದನ್ನು ಊರಿನಲ್ಲೇ ಮಾಡಿಕೊಳ್ಳಲೂಬಹುದು.

ಕಾಲಿಗೂ ಕಸುಬು ಗೊತ್ತು

ಕಾಲಿನಿಂದ ಯಂತ್ರ ನಡೆಸುವುದು ನಮಗೆ ಹೊಸದಲ್ಲ. ನೇಕಾರರು ಗುಂಡಿ ಮಗ್ಗದಲ್ಲಿ ಕೂತು ಕಾಲಿನಿಂದ ತುಳಿದೇ ಹಾಸು ನೂಲುಗಳನ್ನು ಮೇಲೆ ಕೆಳಗೆ ಮಾಡುತ್ತಾರೆ. ಹೊಲಿಗೆ ಕಲಿತ ನಮ್ಮ ಅಕ್ಕಂದಿರು ಪೆಡಲ್ ತುಳಿಯುವಾಗ ಕಾಲನ್ನು ನೋಡುವುದೇ ಇಲ್ಲ, ಕಣ್ಣೆಲ್ಲಾ ಸೂಜಿಯ ಮೇಲೆ. ಬಸ್ಸಿನ ಡ್ರೈವರ್ ಕ್ಲಚ್, ಬ್ರೇಕು, ಆಕ್ಸಿಲರೇಟರ್ ಮೂರನ್ನೂ ಕಾಲಿನಿಂದಲೇ ನಿಭಾಯಿಸುತ್ತಾರೆ. ಮಕ್ಕಳ ಕುಂಟೆಬಿಲ್ಲೆ ಆಟವನ್ನೇ ನೋಡಿ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು, ಗೆರೆ ತುಳಿಯದಂತೆ ಒಂಟಿ ಕಾಲಲ್ಲಿ ಜಿಗಿಯುವುದು ಸಣ್ಣ ವಿದ್ಯೆಯೇನಲ್ಲ.

ಅಭ್ಯಾಸ ಮಾಡಿಸಿದರೆ ಕಾಲು ಕಲಿಯುತ್ತದೆ. ಕಂಪ್ಯೂಟರಿನ ಕಾಲು ಪ್ಯಾಡ್ ಅಂದ್ರೆ ಕುಂಟೆಬಿಲ್ಲೆಯ ಚೌಕಗಳಿಗೆ ತಂತಿ ಜೋಡಿಸಿದ ಹಾಗೆ, ಅಷ್ಟೇ.

ಇದು ಬಂದದ್ದು ಹೇಗೆ?

ಈ ಪ್ಯಾಡ್ ಮೊದಲು ವಿಕಲಚೇತನರಿಗಾಗಿ ಬಂದದ್ದಲ್ಲ. ಜಪಾನಿನ ಬಂಡಾಯ್ ಕಂಪನಿ 1986ರಲ್ಲಿ 'ಫ್ಯಾಮಿಲಿ ಟ್ರೇನರ್' ಎಂಬ ನೆಲದ ಹಾಸನ್ನು ಮಾರುಕಟ್ಟೆಗೆ ತಂದಿತು. ನಿಂಟೆಂಡೊ ಕಂಪನಿ ಇದನ್ನೇ 1988ರಲ್ಲಿ ಅಮೆರಿಕದಲ್ಲಿ 'ಪವರ್ ಪ್ಯಾಡ್' ಎಂಬ ಹೆಸರಿನಿಂದ ಮಾರಿತು. ಟಿವಿಗೆ ಜೋಡಿಸಿ ಹಾಸಿನ ಮೇಲೆ ನಿಂತಲ್ಲೇ ಓಡಿದರೆ, ಪರದೆಯಲ್ಲಿರುವ ಓಟಗಾರನೂ ಓಡುತ್ತಿದ್ದ. ಕೆಲವು ತುಂಟ ಮಕ್ಕಳು ಓಡುವ ಬದಲು ಮಂಡಿಯೂರಿ ಕೂತು ಎರಡೂ ಕೈಯಿಂದ ಪಟಪಟ ಬಡಿದು ಗೆಲ್ಲುತ್ತಿದ್ದರಂತೆ! ಪ್ಯಾಡಿಗೆ ಕೈ ಯಾವುದು, ಕಾಲು ಯಾವುದು ಗೊತ್ತಾಗುವುದಿಲ್ಲ. ಒತ್ತಿದರೆ ಸಾಕು.

1998ರಲ್ಲಿ ಜಪಾನಿನ ಕೊನಾಮಿ ಕಂಪನಿ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್' ಎಂಬ ಆಟವನ್ನು ತಂದಿತು. ಮುಂದೆ, ಹಿಂದೆ, ಎಡ, ಬಲ ಹೀಗೆ ನಾಲ್ಕು ಬಾಣದ ಚೌಕಗಳು. ಹಾಡಿಗೆ ತಕ್ಕಂತೆ ಪರದೆಯಲ್ಲಿ ಬಾಣಗಳು ಬರುತ್ತವೆ, ಅದೇ ಬಾಣವನ್ನು ಸರಿಯಾದ ಹೊತ್ತಿಗೆ ತುಳಿಯಬೇಕು. ಈ ಆಟ ಅನೇಕ ದೇಶಗಳಿಗೆ ಹರಡಿತು. ಕೂತಲ್ಲೇ ಕೂತು ಆಡುವ ಮಕ್ಕಳನ್ನು ಎಬ್ಬಿಸಲು ಇದು ಒಳ್ಳೆಯ ದಾರಿ ಎಂದು ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ 2006ರಲ್ಲಿ ಇದನ್ನು ತನ್ನ ಸರಕಾರಿ ಶಾಲೆಗಳಲ್ಲಿ ಅಳವಡಿಸುವ ಯೋಜನೆ ಪ್ರಕಟಿಸಿತು. ಇದೇ ರೀತಿಯ ಆಟವನ್ನು ಮಾಮೂಲಿ ಕಂಪ್ಯೂಟರಿನಲ್ಲಿ ಆಡಲು 'ಸ್ಟೆಪ್‌ಮೇನಿಯಾ' ಎಂಬ ಉಚಿತ ತಂತ್ರಾಂಶ 2001ರಿಂದಲೇ ಇದೆ.

ಅಂಗವೈಕಲ್ಯ ಇರುವ ಆಟಗಾರರಿಗಾಗಿ ದೊಡ್ಡ ಕಂಪನಿಗಳು ಸಾಧನ ತಂದದ್ದು ತಡವಾಗಿ. ಮೈಕ್ರೋಸಾಫ್ಟ್ 2018ರಲ್ಲಿ 'ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್' ತಂದಿತು. ಅದರ ಹಿಂಬದಿಯಲ್ಲಿ ಸಾಲಾಗಿ ರಂಧ್ರಗಳಿವೆ, ಹೆಡ್‌ಫೋನ್ ಪಿನ್ನಿನಂಥ ಪಿನ್ ಅದಕ್ಕೆ ಕೂರುತ್ತದೆ. ಕಾಲಿನ ಸ್ವಿಚ್, ಮೊಣಕೈ ಸ್ವಿಚ್, ತಲೆಯಿಂದ ಒತ್ತುವ ಸ್ವಿಚ್, ಯಾವುದನ್ನು ಬೇಕಾದರೂ ಸಿಕ್ಕಿಸಬಹುದು. ಸೋನಿ ಕಂಪನಿಯೂ 2023ರಲ್ಲಿ 'ಆಕ್ಸೆಸ್' ಎಂಬ ಇಂಥ ಸಾಧನವನ್ನು ಹೊರತಂದಿತು. ಒಳ್ಳೆಯ ಸಾಧನಗಳೇ, ಆದರೆ ಕೂಲಿ ಮಾಡುವ ಕುಟುಂಬಕ್ಕೆ ಇವು ದುಬಾರಿ. ಹಾಗಂತ ಕೈಚೆಲ್ಲಿ ಕೂರಬೇಕಾಗಿಲ್ಲ.

ಕಾಲು ತುಳಿದದ್ದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೆ?

ಮನೆಯ ಕರೆಗಂಟೆ ನೆನಪಿಸಿಕೊಳ್ಳಿ. ಒತ್ತಿದಾಗ ಒಳಗಿನ ಎರಡು ಲೋಹದ ತುಂಡುಗಳು ಒಂದಕ್ಕೊಂದು ತಾಗುತ್ತವೆ, ಗಂಟೆ ಬಾರಿಸುತ್ತದೆ. ಕೈ ತೆಗೆದರೆ ಬೇರೆಯಾಗುತ್ತವೆ, ಸದ್ದು ನಿಲ್ಲುತ್ತದೆ. ಪ್ಯಾಡಿನ ಒಂದೊಂದು ಚೌಕವೂ ಇಂಥದೇ ಒಂದು ದೊಡ್ಡ ಸ್ವಿಚ್ಚು. ಮೇಲೊಂದು ಲೋಹದ ಹಾಳೆ, ಕೆಳಗೊಂದು ಲೋಹದ ಹಾಳೆ, ನಡುವೆ ತೂತು ಮಾಡಿದ ಸ್ಪಂಜು. ತುಳಿದಾಗ ಸ್ಪಂಜು ಅದುಮಿ, ತೂತಿನ ಜಾಗದಲ್ಲಿ ಎರಡೂ ಹಾಳೆಗಳು ತಾಗುತ್ತವೆ. ಕಾಲೆತ್ತಿದರೆ ಸ್ಪಂಜು ಮತ್ತೆ ಉಬ್ಬಿ ಅವನ್ನು ಬೇರ್ಪಡಿಸುತ್ತದೆ.

ಕಂಪ್ಯೂಟರಿಗೆ ಇದು ಹೊಸ ಯಂತ್ರವೆಂದು ಗೊತ್ತಾಗಬೇಕಾಗಿಯೂ ಇಲ್ಲ. ನಡುವೆ ಇರುವ ಸಣ್ಣ ಬೋರ್ಡು "ಈಗ ಎಡ ಬಾಣದ ಕೀಲಿ ಒತ್ತಿದ್ದಾರೆ" ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಒತ್ತಿದ್ದು ಬೆರಳೋ ಹೆಬ್ಬೆರಳೋ ಹಿಮ್ಮಡಿಯೋ, ಕಂಪ್ಯೂಟರ್ ಕೇಳುವುದಿಲ್ಲ. ಆದ್ದರಿಂದ ಕೀಲಿಮಣೆಯಿಂದ ಆಡಬಹುದಾದ ಯಾವುದೇ ಆಟವನ್ನು ಕಾಲಿನಿಂದಲೂ ಆಡಬಹುದು.

ಮೊದಲು ಒಂದೇ ಚೌಕ ಮಾಡಿ ನೋಡಿ

ಒಮ್ಮೆಗೇ ದೊಡ್ಡ ಪ್ಯಾಡ್ ಮಾಡಲು ಹೋಗಬೇಡಿ. ಮೊದಲು ಒಂದು ಚೌಕ ಸಾಕು. ಇದಕ್ಕೆ ಬೇಕಾಗುವುದು ಮೂಲೆಗೆ ಎಸೆದ ಒಂದು ಹಳೆಯ ಯುಎಸ್‌ಬಿ ಮೌಸ್, ರಟ್ಟು, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ತೆಳು ಸ್ಪಂಜು, ಎರಡು ಎಳೆ ವೈರು ಮತ್ತು ಅಂಟು ಟೇಪು.

1. ಒಂದೇ ಅಳತೆಯ ಎರಡು ರಟ್ಟು ಕತ್ತರಿಸಿ. ನಿಂತು ಆಡುವ ಮಗುವಿಗೆ ಒಂದು ಅಡಿ ಚೌಕ, ಕೂತು ಆಡುವವರಿಗೆ ಅರ್ಧ ಅಡಿ ಸಾಕು.

2. ಎರಡಕ್ಕೂ ಒಂದೊಂದು ಬದಿಗೆ ಫಾಯಿಲ್ ಅಂಟಿಸಿ. ಅಂಚಿನಲ್ಲಿ ಒಂದು ಬೆರಳಷ್ಟು ಜಾಗ ಬಿಡಿ, ಇಲ್ಲದಿದ್ದರೆ ಬದಿಯಲ್ಲಿ ತಾಗಿ ಯಾವಾಗಲೂ ಒತ್ತಿದಂತೆಯೇ ಇರುತ್ತದೆ.

3. ಒಂದೊಂದು ಫಾಯಿಲ್‌ಗೂ ಒಂದು ವೈರು ಜೋಡಿಸಿ. ಅಲ್ಯೂಮಿನಿಯಂಗೆ ಸಾಧಾರಣ ಬೆಸುಗೆ ಹಿಡಿಯುವುದಿಲ್ಲ. ಆದ್ದರಿಂದ ವೈರಿನ ತುದಿಯನ್ನು ನಾಲ್ಕು ಬೆರಳಷ್ಟು ಉದ್ದ ಸುಲಿದು, ಎಳೆಗಳನ್ನು ಹರಡಿ, ಫಾಯಿಲ್ ಮೇಲಿಟ್ಟು ಟೇಪಿನಿಂದ ಬಿಗಿಯಾಗಿ ಅಂಟಿಸಿ.

4. ಸ್ಪಂಜಿನಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಏಳೆಂಟು ತೂತು ಮಾಡಿ, ಎರಡೂ ಫಾಯಿಲ್‌ಗಳು ಎದುರುಬದುರಾಗುವಂತೆ ನಡುವೆ ಇಡಿ. ಸುತ್ತಲೂ ಟೇಪು ಸುತ್ತಿ.

5. ಮೌಸಿನ ವೈರನ್ನು ಕಂಪ್ಯೂಟರಿನಿಂದ ತೆಗೆದು, ಮೌಸನ್ನು ಬಿಚ್ಚಿ. ಎಡ ಗುಂಡಿಯ ಕೆಳಗೆ ಮೂರು ಕಾಲಿನ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದರಲ್ಲಿ ಎರಡು ಕಾಲುಗಳನ್ನು ಕೂಡಿಸಿದರೆ ಕ್ಲಿಕ್ ಆಗುತ್ತದೆ. ಯಾವ ಎರಡು ಅಂತ ಮಲ್ಟಿಮೀಟರಿನಲ್ಲಿ ನೋಡಿಕೊಂಡು, ಪ್ಯಾಡಿನ ಎರಡು ವೈರುಗಳನ್ನು ಅಲ್ಲಿಗೆ ಬೆಸುಗೆ ಹಾಕಿ. ಬೆಸುಗೆ ಬಾರದಿದ್ದರೆ ಊರಿನ ಮೊಬೈಲ್ ರಿಪೇರಿಯವರೋ ಐಟಿಐ ಓದಿದ ಹುಡುಗರೋ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಇಷ್ಟಾದರೆ ಕಾಲಿನಿಂದ ತುಳಿದಾಗ ಎಡ ಕ್ಲಿಕ್ ಆಗುತ್ತದೆ. ಪರದೆಯ ಬಾಣವನ್ನು ಇನ್ನೊಂದು ಮೌಸಿನಿಂದ ಬೇರೆಯವರು ಸರಿಯಾದ ಜಾಗಕ್ಕೆ ತಂದು ಬಿಟ್ಟರಾಯಿತು. ಎರಡು ಮೌಸುಗಳು ಒಟ್ಟಿಗೆ ಇದ್ದರೂ ಕಂಪ್ಯೂಟರ್ ಎರಡರ ಮಾತನ್ನೂ ಕೇಳುತ್ತದೆ.

ನಾಲ್ಕು ಚೌಕದ ಪ್ಯಾಡ್

ಒಂದು ಚೌಕ ಮಗುವಿಗೆ ರೂಢಿಯಾದ ಮೇಲೆ ಎರಡು, ಆಮೇಲೆ ನಾಲ್ಕು ಮಾಡಬಹುದು. ಇದಕ್ಕೆ ಕೀಲಿಮಣೆಯಂತೆ ವರ್ತಿಸುವ ಬೋರ್ಡು ಬೇಕು. 'ಅರ್ಡುಯಿನೊ ಲಿಯೊನಾರ್ಡೊ' ಮತ್ತು ಅದೇ ಚಿಪ್ ಇರುವ 'ಪ್ರೊ ಮೈಕ್ರೊ' ಇಂಥ ಬೋರ್ಡುಗಳು. ಕೊಳ್ಳುವಾಗ ಎಚ್ಚರ: ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ 'ಅರ್ಡುಯಿನೊ ಊನೊ' ನೇರವಾಗಿ ಕೀಲಿಮಣೆಯಂತೆ ಕೆಲಸ ಮಾಡುವುದಿಲ್ಲ. ಪ್ರೋಗ್ರಾಂ ಬರೆಯಲು ಯಾರೂ ಇಲ್ಲದಿದ್ದರೆ 2012ರಲ್ಲಿ ಬಂದ 'ಮೇಕಿ ಮೇಕಿ' ಎಂಬ ಬೋರ್ಡು ಸುಲಭ. ನಾಲ್ಕು ಬಾಣ, ಸ್ಪೇಸ್ ಮತ್ತು ಕ್ಲಿಕ್ ಅದರಲ್ಲಿ ಮೊದಲೇ ಸಿದ್ಧವಾಗಿರುತ್ತವೆ.

ಜೋಡಣೆ ಸರಳ. ಎಲ್ಲ ಚೌಕಗಳ ಕೆಳ ಹಾಳೆಯ ವೈರುಗಳನ್ನು ಒಟ್ಟುಮಾಡಿ ಬೋರ್ಡಿನ 'ಗ್ರೌಂಡ್' ಜಾಗಕ್ಕೆ ಕೊಡಬೇಕು. ಮೇಲಿನ ಹಾಳೆಯ ವೈರನ್ನು ಒಂದೊಂದನ್ನೂ ಬೇರೆ ಬೇರೆ ಪಿನ್ನಿಗೆ ಕೊಡಬೇಕು. ಯಾವ ಪಿನ್ ಗ್ರೌಂಡಿಗೆ ತಾಗಿತು ಎಂದು ಬೋರ್ಡು ನೋಡುತ್ತಲೇ ಇರುತ್ತದೆ, ತಾಗಿದ ಪಿನ್ನಿಗೆ ಗೊತ್ತುಮಾಡಿದ ಕೀಲಿಯನ್ನು ಕಂಪ್ಯೂಟರಿಗೆ ಕಳಿಸುತ್ತದೆ.

ಹಳೆಯ ಕೀಲಿಮಣೆಯನ್ನೇ ಬಿಚ್ಚಿ ಮಾಡಬಹುದಲ್ವಾ ಅಂತ ಕೆಲವರು ಕೇಳಬಹುದು. ಮಾಡಬಹುದು. ಆದರೆ ಕೀಲಿಮಣೆಯ ಒಳಗೆ ಗುಂಡಿಗಳನ್ನು ಅಡ್ಡಸಾಲು ಉದ್ದಸಾಲಾಗಿ ಜೋಡಿಸಿರುತ್ತಾರೆ. ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರಬಹುದು, ಇಲ್ಲವೇ ಮೂರನೆಯದು ದಾಖಲಾಗದೇ ಇರಬಹುದು. ಒಂದೆರಡು ಚೌಕಕ್ಕೆ ಅದು ಸಾಕು, ಹೆಚ್ಚಿಗೆ ಬೇಕಾದರೆ ಬೋರ್ಡೇ ಒಳ್ಳೆಯದು.

ಪ್ಯಾಡ್ ಮಗುವಿಗೆ ಹೊಂದಬೇಕು

ಅಂಗಡಿಯ ಡ್ಯಾನ್ಸ್ ಮ್ಯಾಟಿನಲ್ಲಿ ಚೌಕಗಳು ಎಲ್ಲಿವೆಯೋ ಅಲ್ಲಿಗೇ ನಾವು ಕಾಲಿಡಬೇಕು. ನಾವೇ ಮಾಡಿದ ಪ್ಯಾಡಿನ ದೊಡ್ಡ ಲಾಭವೆಂದರೆ ಚೌಕವನ್ನೇ ಕಾಲಿನ ಹತ್ತಿರಕ್ಕೆ ತರಬಹುದು. ಇದಕ್ಕಾಗಿ ಚೌಕಗಳನ್ನು ಬಿಡಿಬಿಡಿಯಾಗಿ ಮಾಡಿ, ಕೆಳಗೆ ವೆಲ್ಕ್ರೊ ಪಟ್ಟಿ ಅಂಟಿಸಿ, ಒಂದು ಪ್ಲೈವುಡ್ ಹಲಗೆಯ ಮೇಲೆ ಬೇಕಾದಲ್ಲಿ ಕೂರಿಸಿ. ಮುಖ್ಯವಾಗಿ ನಾಲ್ಕು ವಿಷಯ ನೋಡಿಕೊಳ್ಳಬೇಕು.

ಜಾಗ: ಮಗುವಿನ ಕಾಲು ತಾನಾಗಿ ಎಲ್ಲಿಯವರೆಗೆ ಚಾಚುತ್ತದೆ ನೋಡಿ. ಒಂದೇ ಕಾಲು ಚುರುಕಾಗಿದ್ದರೆ ಎಲ್ಲ ಚೌಕಗಳೂ ಅದೇ ಬದಿಗಿರಲಿ. ನಿಲ್ಲಲಾರದ ಮಗುವಿಗೆ ಕುರ್ಚಿಯ ಮುಂದೆ ಹಲಗೆಯನ್ನು ಓರೆಯಾಗಿಟ್ಟು, ಹಿಮ್ಮಡಿ ನೆಲಕ್ಕೂರಿಯೇ ಬೆರಳಿನಿಂದ ಒತ್ತುವಂತೆ ಮಾಡಿ.

ಬಲ: ಕಾಲಿನಲ್ಲಿ ಶಕ್ತಿ ಕಡಿಮೆ ಇದ್ದರೆ ತೆಳು ಸ್ಪಂಜು, ದೊಡ್ಡ ತೂತು. ಕಾಲು ತಾನಾಗಿಯೇ ಜೋರಾಗಿ ಎಗರುತ್ತಿದ್ದರೆ ದಪ್ಪ ಸ್ಪಂಜು, ಸಣ್ಣ ತೂತು. ಆಗ ಸುಮ್ಮನೆ ತಾಗಿದ್ದಕ್ಕೆಲ್ಲಾ ಆಟ ಓಡುವುದಿಲ್ಲ.

ಹೊತ್ತು: ಒಮ್ಮೆ ತುಳಿದರೂ ಎರಡು ಮೂರು ಸಲ ಒತ್ತಿದಂತೆ ಆಗುವುದುಂಟು. ಹಾಳೆಗಳು ತಾಗುವಾಗ ಕ್ಷಣಕಾಲ ಅದುರುವುದು ಒಂದು ಕಾರಣ, ಮಗುವಿನ ಕಾಲು ನಡುಗುವುದು ಇನ್ನೊಂದು. ಮೊದಲನೆಯದಕ್ಕೆ ಬೋರ್ಡಿನ ಪ್ರೋಗ್ರಾಂನಲ್ಲಿ ಸೆಕೆಂಡಿನ ನೂರನೇ ಒಂದೆರಡು ಭಾಗ ಕಾಯುವಂತೆ ಬರೆದರೆ ಸಾಕು. ಎರಡನೆಯದಕ್ಕೆ ವಿಂಡೋಸ್‌ನಲ್ಲಿ 'ಫಿಲ್ಟರ್ ಕೀಸ್' ಎಂಬ ವ್ಯವಸ್ಥೆ ಇದೆ. ಪದೇ ಪದೇ ಬಂದ ಒತ್ತುಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಗುರುತು: ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ ಕೊಡಿ. ಕಣ್ಣು ಪರದೆಯ ಮೇಲಿರುತ್ತದೆಯಾದ್ದರಿಂದ ಕಾಲಿಗೇ ಗೊತ್ತಾಗುವಂತೆ ಒಂದಕ್ಕೆ ಗೋಣಿ ತಾಟು, ಇನ್ನೊಂದಕ್ಕೆ ಸೈಕಲ್ ಟ್ಯೂಬಿನ ರಬ್ಬರು, ಮತ್ತೊಂದಕ್ಕೆ ಬಟ್ಟೆ ಹೊದಿಸಿದರೆ ಇನ್ನೂ ಒಳ್ಳೆಯದು.

ಯಾವ ಆಟದಿಂದ ಶುರುಮಾಡಬೇಕು?

ಒಂದೇ ಗುಂಡಿಯ ಆಟದಿಂದ. ಕ್ರೋಮ್ ಬ್ರೌಸರಿನಲ್ಲಿ ಇಂಟರ್ನೆಟ್ ಇಲ್ಲದಾಗ ಕಾಣುವ ಡೈನೋಸಾರ್ ಆಟ ಇದಕ್ಕೆ ಹೇಳಿಮಾಡಿಸಿದ್ದು. ಸ್ಪೇಸ್ ಕೀಲಿ ಒತ್ತಿದರೆ ಡೈನೋಸಾರ್ ಕಳ್ಳಿಗಿಡದ ಮೇಲೆ ಹಾರುತ್ತದೆ, ಅಷ್ಟೇ ಆಟ. ಸಣ್ಣ ಮಕ್ಕಳಿಗೆ 'ಜಿಕಾಂಪ್ರಿ' ಎಂಬ ಉಚಿತ ತಂತ್ರಾಂಶದಲ್ಲಿ ಕಲಿಕೆಯ ಆಟಗಳು ಬಹಳ ಇವೆ. ನಾಲ್ಕು ಬಾಣದ ಅಭ್ಯಾಸವಾದವರು 'ಸೂಪರ್ ಟಕ್ಸ್ ಕಾರ್ಟ್' ಎಂಬ ಉಚಿತ ಕಾರ್ ಓಟದ ಆಟ ಆಡಬಹುದು.

ಮೊದಮೊದಲು ಸೋಲೇ ಹೆಚ್ಚು. ಕಾಲು ಕೈಯಷ್ಟು ಬೇಗ ತಿರುಗುವುದಿಲ್ಲ. ಆದ್ದರಿಂದ ಹೊತ್ತಿನ ಪೈಪೋಟಿ ಇಲ್ಲದ ಆಟ, ನಿಧಾನದ ಮಟ್ಟ ಆರಿಸಿ. ಅಕ್ಕ, ತಮ್ಮ, ಪಕ್ಕದ ಮನೆಯ ಮಕ್ಕಳಿಗೂ ಕಾಲಿನಿಂದಲೇ ಆಡಲು ಹೇಳಿ. ಆಗ ಎಲ್ಲರೂ ಸಮ. ಕೈ ಚೆನ್ನಾಗಿರುವ ಮಕ್ಕಳೇ ತಡವರಿಸುವುದನ್ನು, ಕಾಲಿನಲ್ಲಿ ಪಳಗಿದ ಮಗು ಅವರಿಗೆ ಹೇಳಿಕೊಡುವುದನ್ನು ನೀವೇ ನೋಡುವಿರಿ.

ಆಟದಿಂದ ಅಕ್ಷರಕ್ಕೆ

"ಆಟ ಆಡಿ ಏನು ಬಂತು? ಹೊಟ್ಟೆ ತುಂಬುತ್ತದಾ?" ಅಂತ ಕೆಲವು ಹೆತ್ತವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆಟದಲ್ಲಿ ಮಗು ಕಲಿತದ್ದು ಏನು? ಪರದೆ ನೋಡುವುದು, ಸರಿಯಾದ ಹೊತ್ತಿಗೆ ಕಾಯುವುದು, ಬೇಕೆಂದಾಗ ಒತ್ತುವುದು. ಬರೆಯಲು ಇಷ್ಟೇ ಸಾಕು.

ವಿಂಡೋಸ್‌ನಲ್ಲಿ ಪರದೆಯ ಮೇಲೆಯೇ ಕಾಣುವ ಕೀಲಿಮಣೆ ಇದೆ. ಅದರ ಆಯ್ಕೆಗಳಲ್ಲಿ 'ಸ್ಕ್ಯಾನ್' ಎಂಬುದನ್ನು ಆರಿಸಿದರೆ, ಬೆಳಕು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ತಾನಾಗಿ ಸರಿಯುತ್ತದೆ. ಬೇಕಾದ ಸಾಲು ಬಂದಾಗ ತುಳಿದರೆ ಆ ಸಾಲಿನೊಳಗೆ ಸರಿಯತೊಡಗುತ್ತದೆ, ಬೇಕಾದ ಅಕ್ಷರ ಬಂದಾಗ ಮತ್ತೆ ತುಳಿದರೆ ಅಕ್ಷರ ಮೂಡುತ್ತದೆ. ಬೆಳಕು ಎಷ್ಟು ನಿಧಾನ ಸರಿಯಬೇಕೆಂದು ನಾವೇ ಗೊತ್ತುಮಾಡಬಹುದು. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದರೆ ಕನ್ನಡ ಅಕ್ಷರಗಳೇ ಬರುತ್ತವೆ. ನಿಧಾನದ ಕೆಲಸ ನಿಜ. ಆದರೆ ತನ್ನ ಹೆಸರನ್ನು ತಾನೇ ಎಂದೂ ಬರೆಯದ ಮಗುವಿಗೆ, ಒಂದೇ ಚೌಕ ತುಳಿದು ಹೆಸರು ಬರೆಯುವುದು ಸಣ್ಣ ಮಾತಲ್ಲ.

ಎಚ್ಚರಿಕೆಗಳು

* ಪ್ಯಾಡಿನಲ್ಲಿ ಹರಿಯುವುದು ಯುಎಸ್‌ಬಿಯ 5 ವೋಲ್ಟ್ ಮಾತ್ರ, ಶಾಕ್ ಹೊಡೆಯುವುದಿಲ್ಲ. ಗೋಡೆಯ ಪ್ಲಗ್ಗಿಗೆ ಪ್ಯಾಡಿನ ಯಾವ ವೈರನ್ನೂ ಎಂದಿಗೂ ಕೊಡಬೇಡಿ.

* ಪ್ಯಾಡ್ ಜಾರಬಾರದು. ಕೆಳಗೆ ರಬ್ಬರ್ ಹಾಸಿ, ನೆಲ ಒದ್ದೆಯಿರದಂತೆ ನೋಡಿಕೊಳ್ಳಿ. ನಿಂತು ಆಡುವವರಿಗೆ ಹಿಡಿದುಕೊಳ್ಳಲು ಗಟ್ಟಿ ಆಸರೆ ಇರಲಿ. ವೈರುಗಳು ಕಾಲಿಗೆ ತೊಡರದಿರಲಿ.

* ಸಕ್ಕರೆ ಕಾಯಿಲೆ ಅಥವಾ ಕುಷ್ಠರೋಗದಿಂದ ಕಾಲಿನ ಸ್ಪರ್ಶಜ್ಞಾನ ಕಡಿಮೆಯಾದವರು ಬರಿಗಾಲಲ್ಲಿ ಆಡಬಾರದು. ಗಾಯವಾದರೂ ತಿಳಿಯುವುದಿಲ್ಲ. ಮೆತ್ತನೆಯ ಪಾದರಕ್ಷೆ ಹಾಕಿ, ಆಟ ಮುಗಿದ ಮೇಲೆ ಪಾದ ಪರೀಕ್ಷಿಸಿ.

* ಫಿಟ್ಸ್ ಬರುವ ಮಕ್ಕಳಿಗೆ ಬೆಳಕು ಮಿಣಮಿಣ ಹೊಳೆಯುವ ಆಟ ಕೊಡುವ ಮೊದಲು ವೈದ್ಯರನ್ನು ಕೇಳಿ.

* ಕಾಲಿನ ಶಸ್ತ್ರಚಿಕಿತ್ಸೆ ಆದವರು, ಕೀಲು ನೋವಿರುವವರು ಫಿಸಿಯೋಥೆರಪಿಯವರ ಸಲಹೆ ಪಡೆಯಲಿ. ಈ ಪ್ಯಾಡ್ ಚಿಕಿತ್ಸೆಯಲ್ಲ, ಚಿಕಿತ್ಸೆಯ ಬದಲಿಗೆ ಇದನ್ನು ಬಳಸಬಾರದು.

* ಹತ್ತು ಹದಿನೈದು ನಿಮಿಷಕ್ಕೊಮ್ಮೆ ವಿರಾಮ ಕೊಡಿ. ಒಂದೇ ಕಾಲಿಗೆ ಎಲ್ಲ ಕೆಲಸ ಬಿದ್ದರೆ ಸ್ನಾಯು ಸೆಳೆತ ಬರುತ್ತದೆ.

ಉಳಿದ ಮಕ್ಕಳಿಗೂ ಇದು ಒಳ್ಳೆಯದೇ. 5ರಿಂದ 17 ವಯಸ್ಸಿನ ಮಕ್ಕಳು, ವಿಕಲಚೇತನ ಮಕ್ಕಳೂ ಸೇರಿ, ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆಚ್ಚಗಾಗುವಂಥ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗಂತ ಬಯಲಿನ ಆಟವನ್ನು ಬಿಟ್ಟು ಪ್ಯಾಡಿಗೆ ಅಂಟಿಕೊಳ್ಳುವುದು ಬೇಡ.

ಆಟ ದಾನವಲ್ಲ, ಹಕ್ಕು

ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ವಿಕಲಚೇತನ ಮಕ್ಕಳಿಗೆ ಇತರ ಮಕ್ಕಳಿಗೆ ಸಮನಾಗಿ ಆಟದಲ್ಲಿ ಅವಕಾಶ ಇರಬೇಕೆಂದು ಅದರ 30ನೇ ವಿಧಿ ಹೇಳುತ್ತದೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ 29ನೇ ಸೆಕ್ಷನ್ ಮನರಂಜನೆಯನ್ನೂ, 30ನೇ ಸೆಕ್ಷನ್ ಕ್ರೀಡೆಯನ್ನೂ ಕುರಿತದ್ದು. ಅಂದ್ರೆ ಆಟಕ್ಕೆ ಸೇರಿಸಿಕೊಳ್ಳಿ ಎಂದು ಕೇಳುವುದು ಯಾರ ಮುಂದೆಯೂ ಕೈಯೊಡ್ಡಿದಂತೆ ಅಲ್ಲ. ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ಹೆತ್ತವರು ಧೈರ್ಯವಾಗಿ ಈ ಮಾತು ಎತ್ತಬಹುದು.

ನಿಮ್ಮ ಸ್ವಸಹಾಯ ಸಂಘದ ಮುಂದಿನ ಸಭೆಯಲ್ಲಿ ಈ ಲೇಖನವನ್ನು ಒಬ್ಬರು ಗಟ್ಟಿಯಾಗಿ ಓದಿರಿ. ನಿಮ್ಮ ವಾರ್ಡಿನಲ್ಲಿ, ಬೀದಿಯಲ್ಲಿ ಪಕ್ಕದಲ್ಲಿ ಕೂತು ಬರೀ ನೋಡುವ ಮಗು ಯಾವುದು ಎಂದು ಯೋಚಿಸಿ. ಅದರ ಮನೆಗೆ ಹೋಗಿ, ಯಾವ ಕಾಲು ಚುರುಕಾಗಿದೆ, ಎಲ್ಲಿಯವರೆಗೆ ಚಾಚುತ್ತದೆ ಎಂದು ಮಗುವನ್ನೇ ಕೇಳಿ ತಿಳಿದುಕೊಳ್ಳಿ. ಒಂದು ಹಳೆಯ ಮೌಸ್, ಎರಡು ರಟ್ಟು, ಒಂದು ತುಂಡು ಸ್ಪಂಜು ಹೊಂದಿಸುವುದು ಹತ್ತು ಮನೆಯವರು ಸೇರಿದರೆ ಕಷ್ಟವಾ? ಒಂದು ಭಾನುವಾರದ ಮಧ್ಯಾಹ್ನ ಸಾಕು.